ಐವಿಯ ಮಡಿಲಿಗೆ

"ಅತ್ತಿಗೆ, ಜಮೈಕಾದಲ್ಲಿ ನಮ್ಮೋರು ಅಂತ ಯಾರಿದಾರೆ?"

ತಿರುಮಲೇಶ ಈ ಪ್ರಶ್ನೆಯನ್ನು ಮೂರನೆಯ ಸಲ ಕೇಳಿದ. ಜನವರಿಯ ಹಿಮದಲ್ಲಿ ಲೊಂಬಾರ್ಡಿನಿಂದ ಡೆಟ್ರಾಯಿಟಿನ ಪಕ್ಕದ ಡಿಯರ್‌ಬಾರ್ನಿಗೆ ಇನ್ನೂರೆಂಬತ್ತು ಮೈಲಿ ಕಾರು ಓಡಿಸಿಕೊಂಡು ಬಂದವನು ಕೋಟನ್ನೂ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಿದ್ದ. ತೀರಿಹೋದ ಅಣ್ಣನ ಹೆಂಡತಿಗೆ ಬುದ್ಧಿ ಹೇಳುವ ಹೊಣೆ ತನ್ನ ತಲೆಯ ಮೇಲಿದೆ ಎಂದು ಅವನಿಗೆ ಅವನೇ ಹೇಳಿಕೊಂಡಿದ್ದ.

"ಐವಿ ಇದಾಳಲ್ಲ," ಎಂದಳು ಕೌಸಲ್ಯಾ, ಮೂರನೆಯ ಸಲವೂ.

"ಅವರು ನರ್ಸು, ಅತ್ತಿಗೆ."

"ಹೌದು."

"ನರ್ಸಿಗೆ ಥ್ಯಾಂಕ್ಸ್ ಹೇಳೋಕೆ ಯಾರಾದ್ರೂ ಪ್ಲೇನ್ ಹತ್ತಿ ಹೋಗ್ತಾರಾ? ಒಂದು ಕಾರ್ಡ್ ಕಳ್ಸಿ. ಅದಕ್ಕೇಂತಲೇ ಡ್ರಗ್ ಸ್ಟೋರಲ್ಲಿ ಒಂದು ಗೋಡೆ ತುಂಬ ಕಾರ್ಡ್ ಇಟ್ಟಿರ್ತಾರೆ. ಎರಡು ವಾರ ರಜ ಸಿಕ್ಕಿದ್ರೆ ಮೈಸೂರಿಗೆ ಹೋಗ್ಬನ್ನಿ. ಅಣ್ಣ ಹೋಗಿ ಇನ್ನೂ ಎರಡು ವರ್ಷ ತುಂಬಿಲ್ಲ, ಅಷ್ಟರಲ್ಲೇ ಬೀಚಿಗೆ ಟೂರ್ ಹೊರಟ್ಲು ಅಂತಾರೆ ಜನ."

"ಯಾವ ಜನ?"

ತಿರುಮಲೇಶ ಕಾಫಿಯ ಲೋಟದೊಳಗೆ ನೋಡಿದ. ಜನ ಅಲ್ಲೇನೂ ಇರಲಿಲ್ಲ.

ಅವನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆಗ, ಎಪ್ಪತ್ತೈದರಲ್ಲಿ, ಡೆಟ್ರಾಯಿಟಿನ ಸುತ್ತಮುತ್ತ ಇದ್ದ ಕನ್ನಡದ ಮನೆಗಳಲ್ಲಿ ರಜ ಎಂದರೆ ಊರು, ಊರು ಎಂದರೆ ರಜ. ಎರಡು ವರ್ಷದ ರಜವನ್ನು ಕೂಡಿಟ್ಟು, ಮೂರನೆಯ ವರ್ಷ ಸೂಟ್‌ಕೇಸಿನ ತುಂಬ ನೈಲೆಕ್ಸ್ ಸೀರೆ, ಟೇಪ್‌ರೆಕಾರ್ಡರು ತುಂಬಿಕೊಂಡು ಬೆಂಗಳೂರಿಗೋ ಮೈಸೂರಿಗೋ ಹೋಗಿಬರುವುದು. ಗಂಡಸರು ಕೂಡ ದ್ವೀಪಕ್ಕೆ ಹೋಗಿ ಮೈಮರೆತು ಕೂರುತ್ತಿರಲಿಲ್ಲ. ಇನ್ನು ಗಂಡ ಸತ್ತ, ಮಕ್ಕಳಿಲ್ಲದ, ಲೈಬ್ರರಿಯಲ್ಲಿ ಪುಸ್ತಕಗಳಿಗೆ ನಂಬರು ಬರೆಯುವ ನಲವತ್ತೊಂಬತ್ತರ ಹೆಂಗಸು ಒಬ್ಬಳೇ ಹೊರಟಳೆಂದರೆ ಬಾಯಿಗಳು ಸುಮ್ಮನಿರುತ್ತವೆಯೆ?

"ತಿಥಿ ಮಾರ್ಚಲ್ಲಿ," ಎಂದಳು ಕೌಸಲ್ಯಾ. "ಅಷ್ಟರಲ್ಲಿ ಬಂದಿರ್ತೀನಿ. ನೀನು ಲೊಂಬಾರ್ಡಲ್ಲೇ ಮಾಡು, ಅಡುಗೆಗೆ ನಾನು ಬರ್ತೀನಿ. ಈಗ ಕೋಟು ಬಿಚ್ಚು, ಊಟ ಮಾಡು."

ಊಟ ಮಾಡಿದ. ಮಾಡಿ ಮತ್ತೆ ಅದನ್ನೇ ಕೇಳಿದ. ಅವಳು ಅದನ್ನೇ ಹೇಳಿದಳು.

ಕಾರ್ಡಿನಲ್ಲಿ ಹಿಡಿಸುವ ವಿಷಯವಾಗಿದ್ದರೆ ಅವಳು ಎಂದೋ ಬರೆದುಹಾಕಿರುತ್ತಿದ್ದಳು. ಪದ್ಮನಾಭ ಆಸ್ಪತ್ರೆಯಲ್ಲಿ ಮಲಗಿದ್ದ ಹತ್ತೊಂಬತ್ತು ದಿನ ಅವಳು ಹಾಸಿಗೆಯ ಪಕ್ಕದ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಮೊಟ್ಟೆಯೋ ಮಾಂಸವೋ ಸೋಕದ ತಿಂಡಿ ಇರಲಿಲ್ಲ. ನಾಲ್ಕನೆಯ ದಿನ, ಅಗಲ ಭುಜದ ಆ ಕಪ್ಪು ನರ್ಸು ಮನೆಯಿಂದ ಒಂದು ಥರ್ಮಾಸು ತಂದು ಮುಂದಿಟ್ಟಳು. ತೆಗೆದರೆ ಅನ್ನ, ಅನ್ನದೊಳಗೆ ತೊಗರಿಕಾಳು, ತೆಂಗಿನಹಾಲು. "ನಮ್ಮ ದ್ವೀಪದ್ದು. ಇದರಲ್ಲಿ ಯಾರ ಪ್ರಾಣವೂ ಇಲ್ಲ, ತಿನ್ನು," ಎಂದಳು. ಕೌಸಲ್ಯಾ ಅಳುತ್ತಲೇ ತಿಂದಳು. ಉಳಿದ ಹದಿನೈದು ದಿನವೂ ಥರ್ಮಾಸು ಬಂತು.

ಪದ್ಮನಾಭನ ಉಸಿರು ನಿಂತಾಗ ದೇಹವನ್ನು ಕೂಡಲೇ ಕೆಳಗೆ ಒಯ್ಯಬೇಕೆಂಬ ನಿಯಮವಿತ್ತು. ಕೌಸಲ್ಯಾಳ ಕೈಚೀಲದಲ್ಲಿ ಗಂಗೆಯ ಪುಟ್ಟ ತಾಮ್ರದ ಗಿಂಡಿಯಿತ್ತು. ಐವಿ ಅದೇನೆಂದು ಕೇಳಲಿಲ್ಲ. ಬಾಗಿಲೆಳೆದುಕೊಂಡು ಹೊರಗೆ ಹೋಗಿ, ಅದಕ್ಕೆ ಬೆನ್ನು ಕೊಟ್ಟು ಮುಕ್ಕಾಲು ಗಂಟೆ ನಿಂತಳು. ಬಂದವರನ್ನೆಲ್ಲ, ಬಂದ ಡಾಕ್ಟರನ್ನೂ, ಹಿಂದಕ್ಕೆ ಕಳಿಸಿದಳು. ಆ ಹೊತ್ತಿನಲ್ಲಿ ಕೌಸಲ್ಯಾ ಗಂಡನ ಮುಖ ತೊಳೆದು, ಬಾಯಿಗೆ ನೀರು ಬಿಟ್ಟು, ಅವನ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿದಳು. ಆ ಮುಕ್ಕಾಲು ಗಂಟೆ ಇಲ್ಲದಿದ್ದರೆ ತಾನು ಬದುಕಿರುತ್ತಿರಲಿಲ್ಲ ಎಂದು ಅವಳು ಇಂದಿಗೂ ನಂಬಿದ್ದಳು. ಐವಿ ಮರುವರ್ಷವೇ ನಿವೃತ್ತಳಾಗಿ ತನ್ನ ದ್ವೀಪಕ್ಕೆ ಮರಳಿದಳು.

ಆದರೂ ಹೊರಡಬೇಕೆಂಬ ಹಟ ಹುಟ್ಟಿದ್ದು ಕಳೆದ ಗೌರಿಹಬ್ಬದ ದಿನ, ಮೂರು ಬೀದಿ ಆಚೆಯ ಜಯದೇವಿಯ ಮನೆಯಲ್ಲಿ. ಜಯದೇವಿ ಕೆಟ್ಟವಳಲ್ಲ. ಕೌಸಲ್ಯಾಳನ್ನು ಅಕ್ಕ ಎಂದೇ ಕರೆಯುವವಳು, ಕಷ್ಟಕಾಲದಲ್ಲಿ ಜೊತೆಗಿದ್ದವಳು. ಹಬ್ಬದ ಹೋಳಿಗೆಗೆ ಬೆಳಿಗ್ಗೆಯಿಂದ ಹೂರಣ ರುಬ್ಬಿದ್ದು ಕೌಸಲ್ಯಾಳೇ. ಸಂಜೆ ಹೆಂಗಸರೆಲ್ಲ ಸಾಲಾಗಿ ಕೂತು, ಅರಿಶಿನ ಕುಂಕುಮದ ತಟ್ಟೆ ಹೊರಟಿತು. ಜಯದೇವಿ ಅವಳ ಹತ್ತಿರ ಬಂದು ಕಣ್ಣು ತಗ್ಗಿಸಿದಳು. "ಕೌಸಲ್ಯಕ್ಕ, ಸ್ವಲ್ಪ ಪಾಯಸ ನೋಡ್ಕೊಳ್ತೀರಾ? ತಳ ಹಿಡಿದ್ಬಿಡತ್ತೆ."

ಒಲೆ ಆರಿಸಿ ಅರ್ಧ ಗಂಟೆಯಾಗಿತ್ತು. ತಳ ಹಿಡಿಯಲಾಗದ ಪಾಯಸವನ್ನು ಕೌಸಲ್ಯಾ ಸುಮ್ಮನೆ ನಿಂತು ತಿರುವಿದಳು. ಒಳಗೆ ಮಡಿಲು ತುಂಬುವ ಹಾಡು ಕೇಳುತ್ತಿತ್ತು. ಅವಳಿಗೆ ದುಃಖವಾಗಲಿಲ್ಲ, ಮೈ ಉರಿಯಿತು. ತನಗೆ ಕೊಡದಿದ್ದರೆ ಬೇಡ. ಕೊಡುವುದಕ್ಕೆ ತನ್ನ ಕೈ ಬಿದ್ದುಹೋಗಿದೆಯೆ? ತನ್ನ ಪ್ರಾಣ ಉಳಿಸಿದವಳಿಗೆ ತಾನು ಮಡಿಲು ತುಂಬುತ್ತೇನೆ, ಯಾರು ತಡೆಯುತ್ತಾರೋ ನೋಡೋಣ ಎಂದುಕೊಂಡಳು.

ಮಡಿಲಿಗೆ ಬೇಕಾದದ್ದನ್ನು ಹೊಂದಿಸಿದಳು. ಅಕ್ಕಿ, ಬೆಲ್ಲ, ಅಡಿಕೆ, ರವಿಕೆ ಕಣ, ಪೊಟ್ಟಣದಲ್ಲಿ ಅರಿಶಿನ ಕುಂಕುಮ. ಎರಡು ವರ್ಷದಿಂದ ಪೆಟ್ಟಿಗೆಯಲ್ಲಿ ಮಲಗಿದ್ದ ತನ್ನವೇ ಹಸಿರು ಗಾಜಿನ ಬಳೆ ಒಂದು ಡಜನ್. ತೆಂಗಿನಕಾಯಿಯದೇ ಕಷ್ಟ. ಈ ದೇಶದ ಅಂಗಡಿಯವರು ಕಾಯಿಯನ್ನು ಹೆರೆದು ಬೋಳು ಮಾಡಿ ಮಾರುತ್ತಾರೆ. ಜುಟ್ಟಿಲ್ಲದ ಕಾಯಿ ಮಡಿಲಿಗೆ ಸಲ್ಲದು. ಡೆಟ್ರಾಯಿಟಿನ ಸಂತೆಯಲ್ಲಿ ನಾಲ್ಕು ಅಂಗಡಿ ಸುತ್ತಿ, ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಕೊನೆಗೆ ಒಂದೇ ಒಂದು ಜುಟ್ಟಿನ ಕಾಯಿ ಸಿಕ್ಕಿತು. ಅದನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ವಿಮಾನ ಹತ್ತಿದಳು.

ಮಾಂಟೆಗೋ ಬೇ ವಿಮಾನ ನಿಲ್ದಾಣದ ತಪಾಸಣೆಯ ಮೇಜಿನ ಮೇಲೆ ಆ ಕಾಯಿಯನ್ನು ಕಂಡ ಅಧಿಕಾರಿ ಮೊದಲು ಅದನ್ನು ನೋಡಿದ, ಆಮೇಲೆ ಅವಳನ್ನು, ಆಮೇಲೆ ಪಕ್ಕದ ಮೇಜಿನವನನ್ನು ಕರೆದ.

"ಅಮ್ಮಾ, ಎಲ್ಲಿಂದ ತಂದಿರಿ ಇದನ್ನ?"

"ಡೆಟ್ರಾಯಿಟಿನಿಂದ."

"ಡೆಟ್ರಾಯಿಟಿನಿಂದ. ಜಮೈಕಾಕ್ಕೆ. ತೆಂಗಿನಕಾಯಿ." ಅವನು ಒಂದೊಂದೇ ಮಾತನ್ನು ಪಕ್ಕದವನಿಗೆ ದಾಟಿಸಿದ. ನಂತರ ಕಿಟಕಿಯತ್ತ ಕೈ ತೋರಿದ. ಕಿಟಕಿಯ ತುಂಬ, ದಿಗಂತದವರೆಗೂ, ತೆಂಗಿನ ಮರ.

ನಾಲ್ಕೈದು ತಿಂಗಳು ಯೋಚಿಸಿದ್ದ ಕೌಸಲ್ಯಾಳಿಗೆ ಇದೊಂದು ಹೊಳೆದಿರಲಿಲ್ಲ. ಇಲ್ಲಿನ ಮರಗಳು ರೋಗ ಬಿದ್ದು ಸಾಯುತ್ತಿವೆ, ಹೊರಗಿನ ಕಾಯಿಯನ್ನು ಬಿಡುವಂತಿಲ್ಲ ಎಂದು ಅವನು ಮರ್ಯಾದೆಯಿಂದಲೇ ಹೇಳಿ ಕಾಯಿಯನ್ನು ತೊಟ್ಟಿಗೆ ಹಾಕಿದ. ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು.

ಐವಿಯ ಊರು ಕಡಲ ಅಂಚಿಗೆ ಅಂಟಿಕೊಂಡಿತ್ತು. ಐವಿ ಅವಳನ್ನು ಬಾಚಿ ತಬ್ಬಿಕೊಂಡು ಮೇಲಕ್ಕೆತ್ತಿಯೇಬಿಟ್ಟಳು. ಅನ್ನ, ತೊಗರಿಕಾಳು ಒಲೆಯ ಮೇಲಿತ್ತು. ಹಿತ್ತಲಲ್ಲಿ ಐದು ತೆಂಗಿನ ಮರ. ಆದರೆ ಯಾರಿಗೆ ಕೊಡಬೇಕೋ ಅವರ ಹಿತ್ತಲಿನ ಕಾಯಿಯನ್ನೇ ಕಿತ್ತು ಅವರ ಮಡಿಲಿಗೆ ಹಾಕುವುದುಂಟೆ? ಪಕ್ಕದ ಹಿತ್ತಲು ಐವಿಯ ಅಣ್ಣನದು, ಅದರಾಚೆಯದು ತಮ್ಮನದು. ವಿಚಾರಿಸಿದರೆ ಊರಾಚೆ ಹರಿಯುವ ಹೊಳೆಯವರೆಗಿನ ಮರಗಳೆಲ್ಲ ಅವಳ ಬಳಗದವೇ.

ಮೂರನೆಯ ದಿನ ಬೆಳಿಗ್ಗೆ, ಐವಿ ಚರ್ಚಿಗೆ ಹೋಗಿದ್ದಾಗ, ಕೌಸಲ್ಯಾ ಚಪ್ಪಲಿ ಬಿಟ್ಟು ಕಡಲ ದಡ ಹಿಡಿದು ನಡೆದಳು. ಎರಡು ಮೈಲಿ ಹೋದ ಮೇಲೆ ಹೊಳೆ ಕಡಲಿಗೆ ಸೇರುವ ಜಾಗ ಬಂತು. ನೀರು ಮೊಣಕಾಲಿಗಿತ್ತು, ದಾಟಿದಳು. ಆಚೆಯ ದಡದಲ್ಲಿ ಬಲೆ ಹೆಣೆಯುತ್ತಿದ್ದ ಮುದುಕಿಯೊಬ್ಬಳು, ತೆಂಗಿನಕಾಯಿ ಬೇಕೆಂದು ಬಂದ ಸೀರೆಯ ಹೆಂಗಸನ್ನು ಕಂಡು ಹುಬ್ಬೇರಿಸಿದಳು. ಕೌಸಲ್ಯಾ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದ ನಾಲ್ಕು ಹಸಿರು ಬಳೆ ತೆಗೆದು ಅವಳ ಕೈಗೇರಿಸಿದಳು. ಮುದುಕಿ ಬಳೆಗಳನ್ನು ಗಲಗಲ ಅನ್ನಿಸಿ, ಸಿಪ್ಪೆ ಸಮೇತ ಬಲಿತ ಕಾಯೊಂದನ್ನು ಆರಿಸಿ ಕೊಟ್ಟಳು.

ಮರಳುವಷ್ಟರಲ್ಲಿ ಬೆಟ್ಟದ ಕಡೆ ಮಳೆ ಬಿದ್ದು ಹೊಳೆ ಏರಿತ್ತು. ಮೊಣಕಾಲಿಗಿದ್ದ ನೀರು ಈಗ ಎದೆ ದಾಟುವಂತಿತ್ತು. ಸಂಜೆಯವರೆಗೆ ಕಾದರೆ ಇಳಿಯುತ್ತದೆ ಎಂದು ಮುದುಕಿ ಸನ್ನೆ ಮಾಡಿದಳು. ಕೌಸಲ್ಯಾ ಹೊಳೆಯನ್ನು ಒಮ್ಮೆ ನೋಡಿದಳು. ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಹನ್ನೆರಡು ವರ್ಷದವರೆಗೂ ಅಣ್ಣಂದಿರ ಜೊತೆ ಈಜಿದವಳು. ಮೈ ನೆರೆದ ದಿನ ಅಜ್ಜಿ ಈಜು ನಿಲ್ಲಿಸಿದ್ದಳು. ಆಮೇಲೆ ಒಂದೊಂದಾಗಿ ಯಾರ್ಯಾರೋ ಏನೇನೋ ನಿಲ್ಲಿಸಿದ್ದರು. ಸಾಕು ಇನ್ನು, ಎಂದು ಜೋರಾಗಿಯೇ ಹೇಳಿ, ಸೀರೆಯನ್ನು ಕಚ್ಚೆ ಕಟ್ಟಿ, ಕಾಯಿಯನ್ನು ಎದೆಗವಚಿಕೊಂಡು ನೀರಿಗಿಳಿದಳು.

ನಡುವೆ ಕಾಲು ನೆಲ ಬಿಟ್ಟಿತು. ಉಪ್ಪುನೀರು ಮೂಗಿಗೆ ನುಗ್ಗಿತು. ಹೊಳೆ ಅವಳನ್ನು ಕಡಲಿನ ಕಡೆ ಎಳೆಯಿತು, ಕಡಲು ಹಿಂದಕ್ಕೆ ತಳ್ಳಿತು. ಭಯದಲ್ಲಿ ಒಂದು ಗಳಿಗೆ ಎಲ್ಲ ಮರೆತುಹೋಯಿತು, ಕಾಲುಗಳು ಮಾತ್ರ ಮರೆತಿರಲಿಲ್ಲ. ಸಿಪ್ಪೆಯ ಕಾಯಿ ಮುಳುಗದೆ ಅವಳನ್ನು ಎತ್ತಿ ಹಿಡಿಯಿತು, ಕಾಲುಗಳು ಬಡಿದವು. ಈಚೆಯ ಮರಳಿನ ಮೇಲೆ ಬಿದ್ದು ಕೆಮ್ಮುತ್ತ, ಕೆಮ್ಮುತ್ತಲೇ ನಕ್ಕಳು. ಗಂಡ ಸತ್ತ ಮೇಲೆ ಅಷ್ಟು ನಕ್ಕಿರಲಿಲ್ಲ.

ಆ ಮಧ್ಯಾಹ್ನ ಐವಿ ಮಚ್ಚಿನಿಂದ ಸಿಪ್ಪೆ ಸುಲಿದು, ಜುಟ್ಟನ್ನು ಯಾಕೆ ಬಿಡಬೇಕೋ ತಿಳಿಯದಿದ್ದರೂ ಹೇಳಿದಂತೆ ಬಿಟ್ಟು, ಜಗಲಿಯ ಕುರ್ಚಿಯ ಮೇಲೆ ಕೂತಳು. ಕೌಸಲ್ಯಾ ಅವಳ ಹಣೆಗೆ ಕುಂಕುಮವಿಟ್ಟು, ಉಳಿದ ಎಂಟು ಬಳೆ ತೊಡಿಸಲು ನೋಡಿದಳು. ಆ ದಪ್ಪ ಮುಂಗೈಗೆ ಎರಡೇ ಹತ್ತಿದವು. ಫ್ರಾಕಿನ ಮಡಿಲು ಹಿಡಿಯಲು ಹೇಳಿ ಅಕ್ಕಿ, ಬೆಲ್ಲ, ಅಡಿಕೆ, ರವಿಕೆ ಕಣ, ಕಾಯಿ ಹಾಕಿದಳು.

"ಇದನ್ನ ನಿಮ್ಮಲ್ಲಿ ಯಾರಿಗೆ ಕೊಡ್ತಾರೆ?" ಎಂದಳು ಐವಿ ತನ್ನ ಇಂಗ್ಲಿಷಿನಲ್ಲಿ.

ಕೌಸಲ್ಯಾ ಸುಳ್ಳು ಹೇಳಲಿಲ್ಲ. "ಗಂಡ ಇರೋ ಹೆಂಗಸರಿಗೆ. ಗಂಡ ಇರೋ ಹೆಂಗಸರೇ ಕೊಡಬೇಕು."

"ನನ್ನ ಗಂಡ ಸತ್ತು ಹದಿನೇಳು ವರ್ಷ."

"ಗೊತ್ತು."

ಐವಿ ಮಡಿಲನ್ನು ನೋಡಿಕೊಂಡಳು, ಆಮೇಲೆ ಕೌಸಲ್ಯಾಳನ್ನು. "ಹಾಗಾದ್ರೆ ನಾವಿಬ್ಬರೂ ತಪ್ಪು ಮಾಡ್ತಿದೀವಿ."

"ಹೌದು."

"ಸರಿ, ಪೂರ್ತಿ ಮಾಡೋಣ," ಎಂದು ಐವಿ ಪೊಟ್ಟಣದೊಳಗೆ ಹೆಬ್ಬೆರಳು ಅದ್ದಿ, ಕೌಸಲ್ಯಾಳ ಹಣೆಯ ಮೇಲೆ ಒಂದು ರೂಪಾಯಿಯಗಲ ಒತ್ತಿದಳು. ಎರಡು ವರ್ಷ ಬೋಳಾಗಿದ್ದ ಹಣೆ. ಕೌಸಲ್ಯಾ ಕಣ್ಣು ಮುಚ್ಚಿ, ಬೆರಳು ತೆಗೆಯುವವರೆಗೂ ಉಸಿರು ಬಿಡಲಿಲ್ಲ. ಮರುದಿನ ಬೆಳಿಗ್ಗೆ ಸ್ನಾನ ಮಾಡಿ ತಾನೇ ಇಟ್ಟುಕೊಂಡಳು. ಅದರ ಮರುದಿನವೂ.

ಡೆಟ್ರಾಯಿಟಿನಲ್ಲಿ ವಿಮಾನ ಇಳಿದಾಗ ಫ್ಯಾರನ್‌ಹೀಟಿನಲ್ಲಿ ಎಂಟು ಡಿಗ್ರಿ, ನೀರು ಹೆಪ್ಪುಗಟ್ಟುವ ಚಳಿ. ಕರೆದೊಯ್ಯಲು ಬಂದಿದ್ದ ಜಯದೇವಿ ಅವಳ ಪೆಟ್ಟಿಗೆಯನ್ನು ಕಾರಿಗೆ ಹಾಕುವವರೆಗೂ ಶಾಲು ಹೊದ್ದಿದ್ದ ತಲೆಯನ್ನು ಸರಿಯಾಗಿ ನೋಡಿರಲಿಲ್ಲ. ಒಳಗೆ ಕೂತು, ಹೀಟರ್ ಹಾಕಿ, "ತಿರುಮಲೇಶ ಅವರು ಎರಡು ಸಲ ಫೋನ್ ಮಾಡಿದ್ರು ಅಕ್ಕ, ತುಂಬ ಬೇಜಾರು ಮಾಡ್ಕೊಂಡಿದಾರೆ," ಎನ್ನುತ್ತ ಈ ಕಡೆ ತಿರುಗಿದವಳು ಅಲ್ಲಿಗೇ ನಿಲ್ಲಿಸಿದಳು.

"ಕೌಸಲ್ಯಕ್ಕ, ಹಣೇಲಿ..."

"ಕುಂಕುಮ."

"ಯಾರಾದ್ರೂ ಗೊತ್ತಿಲ್ದೆ ಇಟ್ಬಿಟ್ರಾ?"

"ಮೊದಲ್ನೇ ದಿನ ಐವಿ ಇಟ್ಟಿದ್ದು. ಆಮೇಲಿಂದ ನಾನೇ ಇಟ್ಕೋತಿದೀನಿ. ನಾಳೆ ಲೈಬ್ರರಿಗೂ ಹೀಗೇ ಹೋಗ್ತೀನಿ, ತಿಥಿಗೆ ಲೊಂಬಾರ್ಡಿಗೂ ಹೀಗೇ ಹೋಗ್ತೀನಿ. ನಿಮ್ಮನೇಗೂ ಹೀಗೇ ಬರ್ತೀನಿ ಜಯಾ. ಕರೆಯೋದು ಬಿಡೋದು ನಿನಗೆ ಸೇರಿದ್ದು. ಅಡುಗೆಮನೇಲಿ ಮಾತ್ರ ನಿಲ್ಲಲ್ಲ."

ಜಯದೇವಿಯ ಮುಖ ಕೆಂಪಗಾಯಿತು. ಕೌಸಲ್ಯಾ ಕೈಚೀಲದಿಂದ ಪೊಟ್ಟಣ ತೆಗೆದು ಬಿಚ್ಚಿ, ಇಬ್ಬರ ನಡುವಿನ ಸೀಟಿನ ಮೇಲೆ ಅಂಗೈಯಲ್ಲಿ ಹಿಡಿದಳು. "ತಗೋ," ಎಂದಳು.

ಕುಂಕುಮ ನೀಡಿದರೆ ಮುತ್ತೈದೆಯಾದವಳು ಬೇಡವೆನ್ನಬಾರದು. ಗಂಡನಿಲ್ಲದವಳ ಕೈಯಿಂದ ಅದನ್ನು ತೆಗೆದುಕೊಳ್ಳಲೂಬಾರದು. ಜಯದೇವಿಗೆ ಅವಳ ತಾಯಿ ಎರಡನ್ನೂ ಕಲಿಸಿದ್ದಳು. ಎರಡೂ ಒಟ್ಟಿಗೆ ಎದುರು ಬಂದರೆ ಏನು ಮಾಡಬೇಕೆಂದು ಕಲಿಸಿರಲಿಲ್ಲ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಕೌಸಲ್ಯಾ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ, ಮುಂದಕ್ಕೂ ಚಾಚಲಿಲ್ಲ. ಅವಳು ಒತ್ತಾಯ ಮಾಡುವವಳಲ್ಲ, ಇನ್ನು ಮುಖ ತಿರುಗಿಸುವವಳೂ ಅಲ್ಲ.

ಹಾರ್ನ್ ಮತ್ತೆ ಕೇಳಿತು. ಜಯದೇವಿ ಸ್ಟೀರಿಂಗಿನಿಂದ ಬಲಗೈ ತೆಗೆದು, ಗ್ಲೌಸಿನ ಬೆರಳುಗಳನ್ನು ಒಂದೊಂದಾಗಿ ಎಳೆಯತೊಡಗಿದಳು.