ಕಿಟಕಿ ಪಕ್ಕದ ಮಿಷನ್

ಸೇವಂತಿಗೆ ಹಾರವನ್ನು ತಲೆಯ ಮೇಲೆತ್ತಿಕೊಂಡು, ಮೊಣಕೈಯಲ್ಲಿ ಜನರನ್ನು ಸರಿಸುತ್ತ ಒಳಗೆ ನುಗ್ಗಿದ ಸುಧಾಮಣಿ ಹೆಣದ ಮುಂದೆ ಬಂದವಳೇ ನಿಂತುಬಿಟ್ಟಳು. ಜರಗನಹಳ್ಳಿಯ ಆ ವಠಾರದ ಮನೆಗೆ ಇದ್ದುದೇ ಒಂದು ಕಿಟಕಿ. ನೀಲಗಂಗಮ್ಮನನ್ನು ಅದರ ಪಕ್ಕದಲ್ಲೇ ಕೂರಿಸಿದ್ದರು. ಲಿಂಗಾಯತರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಹಣೆ ತುಂಬ ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸುತ್ತಾರೆ. ಅದು ಸುಧಾಮಣಿಗೂ ಗೊತ್ತು. ಆದರೂ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಸತ್ತ ಮೇಲೂ ಕಿಟಕಿ ಪಕ್ಕದ ಜಾಗವನ್ನೇ ಹೊಡೆದುಕೊಂಡಿದ್ದಾಳಲ್ಲ ಪುಣ್ಯಾತ್ಗಿತ್ತಿ!

ಹಾರ ಹಾಕಿ ಹೊರಗೆ ಬಂದರೆ ಬೀದಿ ತುಂಬ ಹೆಂಗಸರು. ಗಾರ್ಮೆಂಟ್ಸ್ ಫ್ಯಾಕ್ಟರಿಯವರೆಲ್ಲ ಮಧ್ಯಾಹ್ನದವರೆಗೆ ರಜ ಕೇಳಿಕೊಂಡು ಬಂದಿದ್ದರು. ಕೆಲಸ ಬಿಟ್ಟು ಗೊಟ್ಟಿಗೆರೆ ಸೇರಿದವರೂ ಬಂದಿದ್ದರು. ಒಬ್ಬೊಬ್ಬಳೂ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತ, ಅಕ್ಕ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಅನ್ನುವವಳೇ. ಸುಧಾಮಣಿಯೂ ನೀಲಗಂಗಮ್ಮನ ಜೊತೆಗೇ ಅದೇ ಹೊಲಿಗೆ ಲೈನಿಗೆ ಸೇರಿದವಳು. ಕಾಲರ್ ಕೂರಿಸುವುದರಲ್ಲಿ ತನ್ನಷ್ಟು ನಯ ಯಾರಿಗಿತ್ತು? ಕಷ್ಟ ಅಂತ ತನ್ನ ಹತ್ತಿರ ಒಬ್ಬಳಾದರೂ ಬಂದಿದ್ದುಂಟಾ? ನಾನು ಸತ್ತರೆ ಬೀದಿ ನಾಯಿಯೂ ತಿರುಗಿ ನೋಡುವುದಿಲ್ಲ ಎಂದುಕೊಂಡಳು.

* * *

ನೀಲಗಂಗಮ್ಮನ ಪಂಚಾಯ್ತಿಯ ರೀತಿಯೇ ಬೇರೆ. ಸೂಪರ್‌ವೈಸರನೋ ಮೆಕ್ಯಾನಿಕ್ಕೋ ಮೈಮುಟ್ಟಿದ ಅಂತ ಹುಡುಗಿಯೊಬ್ಬಳು ಅತ್ತುಕೊಂಡು ಬಂದರೆ, ಆಫೀಸಿಗೆ ಕಂಪ್ಲೇಂಟ್ ಕೊಡಲು ಬಿಡುತ್ತಿರಲಿಲ್ಲ. ಸುದ್ದಿ ಮನೆ ಮುಟ್ಟಿದರೆ ಕೆಲಸ ಬಿಡಿಸುವುದು ಹುಡುಗಿಯನ್ನೇ ಅನ್ನುತ್ತಿದ್ದಳು. ಬದಲಿಗೆ ಆ ಗಂಡಸನ್ನು ಮಧ್ಯಾಹ್ನದ ಊಟಕ್ಕೆ ಕರೆಯುತ್ತಿದ್ದಳು. ಹೆಂಗಸರು ಸುತ್ತ ಕೂತು, ತಮ್ಮ ತಮ್ಮ ಡಬ್ಬಿಯಿಂದ ಒಂದೊಂದು ತುತ್ತು ಅವನ ತಟ್ಟೆಗೆ ಹಾಕಿ, ಊಟ ಮಾಡಣ್ಣ ಅನ್ನಬೇಕು. ಕೊನೆಯ ತುತ್ತು ಆ ಹುಡುಗಿಯದು. ಏನು ಮಾಡಿದೆ ಅಂತ ಯಾರೂ ಕೇಳುತ್ತಿರಲಿಲ್ಲ. ಅವನು ತಲೆ ಬಗ್ಗಿಸಿ ತಿಂದು ಎದ್ದು ಹೋದರೆ, ಆಮೇಲೆ ಆ ಲೈನಿನ ಕಡೆ ಕಣ್ಣೆತ್ತುತ್ತಿರಲಿಲ್ಲ. ಉಂಡ ಮನೆಗೆ ಎರಡು ಬಗೆಯುವುದು ಎಂಥವನಿಗೂ ಕಷ್ಟ. ಸುಧಾಮಣಿಯ ಚಿತ್ರಾನ್ನವೂ ಎಷ್ಟೋ ಸಲ ಆ ತಟ್ಟೆಗಳಿಗೆ ಹೋಗಿತ್ತು. ಹೆಸರು ಮಾತ್ರ ನೀಲಗಂಗಮ್ಮನಿಗೆ.

ಆ ಊಟಕ್ಕೆ ಒಮ್ಮೆಯೂ ಬಾರದವನು ಫ್ಲೋರ್ ಇನ್‌ಚಾರ್ಜ್ ತಿಪ್ಪಣ್ಣ. ಓನರ್ ಕಡೆಯವನು, ಯಾರ ಹಂಗೂ ಇಲ್ಲ.

ಸುಧಾಮಣಿಯ ಮಿಷನ್ ಆಗ ಕಿಟಕಿ ಪಕ್ಕದಲ್ಲಿ, ಓಡಾಡುವ ದಾರಿಯ ಅಂಚಿಗೇ ಇತ್ತು. ತೊಂಬತ್ತೆಂಟರ ಬೇಸಿಗೆಯಲ್ಲಿ ಆ ಗಾಳಿಯೊಂದೇ ಅವಳ ಸುಖ. ತಿಪ್ಪಣ್ಣ ಪೀಸು ನೋಡುವ ನೆಪದಲ್ಲಿ ಬಗ್ಗಿ, ಹೆಗಲ ಮೇಲೆ ಕೈಯಿಟ್ಟರೆ ತೆಗೆಯುವುದನ್ನೇ ಮರೆಯುತ್ತಿದ್ದ. ಅವಳು ಹಲ್ಲು ಕಚ್ಚಿ ಹೊಲಿಯುತ್ತಿದ್ದಳು. ಹೇಳಿಕೊಳ್ಳುವುದಾದರೆ ನೀಲಗಂಗಮ್ಮನಿಗೇ ಹೇಳಬೇಕು. ಅವಳ ಮುಂದೆ ಕಣ್ಣೀರು ಹಾಕುವುದಕ್ಕಿಂತ ಸಾಯುವುದು ಮೇಲು.

ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಅವಳ ಮಿಷನ್ನಿನ ಮುಂದೆ ನೀಲಗಂಗಮ್ಮ ಕೂತಿದ್ದಳು. ಉಬ್ಬಸವಂತೆ, ಗಾಳಿ ಬೇಕಂತೆ, ಮ್ಯಾನೇಜರಿಗೆ ಹೇಳಿ ಜಾಗ ಬದಲಾಯಿಸಿಕೊಂಡಳಂತೆ. ಸುಧಾಮಣಿಯ ಪಾಲಿಗೆ ಯಾರೂ ಓಡಾಡದ ಗೋಡೆ ಬದಿಯ ಧಗೆ. ತಿಪ್ಪಣ್ಣನ ಕೈ ತಪ್ಪಿದ ನೆಮ್ಮದಿ ನಾಲ್ಕು ದಿನಕ್ಕೆ ಮರೆತುಹೋಯಿತು, ಹೋದ ಕಿಟಕಿ ಮಾತ್ರ ಮರೆಯಲಿಲ್ಲ. ಅಂದಿನಿಂದ ಎದುರಿಗಿದ್ದ ಆ ಬೆನ್ನನ್ನು ನೋಡುತ್ತ ಒಳಗೇ ಕುದ್ದಳು.

* * *

ಬಾಗಿಲ ಬಳಿ ಕೂತಿದ್ದ ನೀಲಗಂಗಮ್ಮನ ತಂಗಿ ಸರ್ವಮಂಗಳಾಳನ್ನು ಮಾತಾಡಿಸದೆ ಹೋದರೆ ಚೆನ್ನಾಗಿರುವುದಿಲ್ಲ ಅಂತ ಸುಧಾಮಣಿ ಹತ್ತಿರ ಹೋಗಿ, ಉಬ್ಬಸ ಜಾಸ್ತಿಯಾಗಿತ್ತಾ ಎಂದು ಕೇಳಿದಳು.

"ಉಬ್ಬಸಾನಾ? ಅಕ್ಕಂಗೆಲ್ಲಿತ್ತು ಉಬ್ಬಸ?" ಸರ್ವಮಂಗಳಾ ಮುಖವೆತ್ತಿದಳು. "ನೆನ್ನೆ ಎದೆನೋವು ಅಂದ್ಲು, ಅಷ್ಟೇ."

ಸುಧಾಮಣಿ ಲೈನಿನ ಹಿರಿಯಳಾದ ಮಾರಮ್ಮನನ್ನು ಕೈ ಹಿಡಿದು ಕಾಂಪೌಂಡಿನ ಮೂಲೆಗೆ ಎಳೆದುಕೊಂಡು ಹೋದಳು. ಇಷ್ಟು ವರ್ಷಕ್ಕೆ ಕಳ್ಳಿ ಸಿಕ್ಕಿಬಿದ್ದಿದ್ದಳು. ಸಾವಿನ ಮನೆಯಲ್ಲೂ ಅವಳಿಗೆ ಖುಷಿಯಾಗಿತ್ತು.

"ಕೇಳಿಸ್ಕೊಂಡ್ಯಾ ಮಾರಮ್ಮ? ಉಬ್ಬಸಾನೇ ಇರ್ಲಿಲ್ವಂತೆ. ಸುಳ್ಳು ಹೇಳಿ ನನ್ನ ಜಾಗ ಕಿತ್ಕೊಂಡ್ಲು."

ಮಾರಮ್ಮ ಬೀದಿಯ ಕಡೆ ನೋಡುತ್ತಿದ್ದಳು. ತಿಪ್ಪಣ್ಣ ಎಲ್ಲರಿಗಿಂತ ದಪ್ಪನೆಯ ಗುಲಾಬಿ ಹಾರ ಹಿಡಿದು ಸ್ಕೂಟರಿನಿಂದ ಇಳಿಯುತ್ತಿದ್ದ. ಅವನು ಒಳಗೆ ಹೋಗುವವರೆಗೂ ನೋಡಿ ಬಾಯಿಬಿಟ್ಟಳು.

"ನಿನ್ನ ಹೆಗಲ ಮೇಲೆ ಅವನ ಕೈ ಇರ್ತಿದ್ದಿದ್ದು ಯಾರಿಗೂ ಕಾಣ್ತಿರ್ಲಿಲ್ಲ ಅಂದ್ಕೊಂಡಿದ್ಯಾ? ನಾನೇ ಅವಳಿಗೆ ಹೇಳ್ದೆ, ಸುಧಾಮಣೀನ ಕೂರಿಸ್ಕೊಂಡು ಮಾತಾಡು ಅಂತ. ಬೇಡ ಮಾರಮ್ಮ, ಅವಳಿಗೆ ನನ್ನ ಕಂಡ್ರಾಗಲ್ಲ, ನನ್ನಿಂದ ಉಪಕಾರ ಆಯ್ತು ಅಂದ್ರೆ ಕೆಲಸಾನೇ ಬಿಟ್ಬಿಡ್ತಾಳೆ ಅಂದ್ಲು. ನನ್ನ ಬೈಕೊಂಡಾದ್ರೂ ಗೋಡೆ ಪಕ್ಕ ಕೂತಿರ್ಲಿ ಅಂದ್ಲು."

ಸುಧಾಮಣಿ ಮಾರಮ್ಮನ ಕೈ ಬಿಟ್ಟಳು. "ಅವಳನ್ನ ಸುಮ್ನೆ ಬಿಟ್ನಾ ಅವನು?"

"ಬಗ್ಗಿದ ಒಂದಿನ. ಅವಳ ಎಡಗೈಲಿ ದಾರದ ಕತ್ತರಿ ಇತ್ತಲ್ಲ, ಅವನ ತೋಳಿಗೆ ಚುಚ್ತು. ಸಾರಿ ಸಾರ್, ಕೆಮ್ಮು ಬಂತು ಅಂದ್ಲು. ಆಮೇಲೆ ಬಗ್ಗಲಿಲ್ಲ."

ಸುಧಾಮಣಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇದರಲ್ಲೂ ಅವಳೇ ಗೆದ್ದಳಲ್ಲ! ಹೊತ್ತು ಕಳೆದು, ಕೂತ ಭಂಗಿಯಲ್ಲೇ ನೀಲಗಂಗಮ್ಮನನ್ನು ಎತ್ತಿ ಹೊರಗೆ ತಂದಾಗ, ಆ ಪರಿಚಿತ ಬೆನ್ನು ದೂರ ಹೋಗುವುದನ್ನು ನೋಡಿ ಅವಳು ಬೀದಿಯಲ್ಲೇ ಕುಸಿದು ಅತ್ತಳು.

* * *

ಮಧ್ಯಾಹ್ನ ಫ್ಯಾಕ್ಟರಿಗೆ ಮರಳಿದಾಗ ಕಿಟಕಿ ಪಕ್ಕದ ಮಿಷನ್ನಿನ ಮುಂದೆ ಶರಣಮ್ಮ ಕೂತಿದ್ದಳು. ರಾಯಚೂರು ಕಡೆಯಿಂದ ಬಂದು ಬಿಟಿಎಂನಲ್ಲಿ ಬಾಡಿಗೆಗಿದ್ದ ಹೊಸ ಹುಡುಗಿ. ಮುಖಕ್ಕೆ ಗಾಳಿ ಬಡಿಯುತ್ತಿತ್ತು, ಖುಷಿಯಾಗಿದ್ದಳು. ತಿಪ್ಪಣ್ಣ ಬೆನ್ನ ಹಿಂದೆ ನಿಂತು ಕೆಲಸ ತೋರಿಸಿಕೊಡುತ್ತಿದ್ದ.

ಸುಧಾಮಣಿ ನೇರ ಹೋಗಿ ನಿಂತಳು.

"ಸಾರ್, ನಂಗೆ ಉಬ್ಬಸ. ಆ ಜಾಗ ನಂಗೆ ಬೇಕು."

"ನಿನಗ್ಯಾವಾಗ ಬಂತು ಉಬ್ಬಸ?" ಎಂದ ತಿಪ್ಪಣ್ಣ.

"ಇವತ್ತು ಬಂತು ಸಾರ್."

ಸುತ್ತಲಿನ ಮಿಷನ್ನುಗಳು ಒಂದೊಂದಾಗಿ ನಿಂತವು. ತಿಪ್ಪಣ್ಣ ಆಚೀಚೆ ನೋಡಿ, ಏನಾದ್ರೂ ಮಾಡ್ಕೊಳ್ಳಿ ಎಂದು ಗೊಣಗುತ್ತ ಹೊರಟ.

"ಈ ಜಾಗ ನಂಗ ಕೊಟ್ಟಾರ್ರೀ ಅಕ್ಕಾ," ಶರಣಮ್ಮನ ದನಿ ಸಣ್ಣಗಾಯಿತು.

"ಏಳು," ಎಂದಳು ಸುಧಾಮಣಿ.

ಹುಡುಗಿ ಡಬ್ಬಿ ಎತ್ತಿಕೊಂಡು ಗೋಡೆ ಬದಿಗೆ ಹೋದಳು. ಸುಧಾಮಣಿ ದಾರದ ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ಎರಡು ಸಲ ಕೆಮ್ಮಿದಳು. ಹಿಂದಿನಿಂದ ಶರಣಮ್ಮನ ಕಣ್ಣು ಅವಳ ಬೆನ್ನನ್ನು ಸುಡುತ್ತಿತ್ತು. ಅವಳು ಬೆನ್ನನ್ನು ಇನ್ನಷ್ಟು ನೆಟ್ಟಗೆ ಮಾಡಿ ಕೂತಳು.