ಮೊದಲ ಡ್ರಮ್ಮು

"ಅದನ್ನ ಅಲ್ಲೇ ಇಡು," ಎಂದಳು ಫೀನಾ, ಬಗ್ಗಿಸಿದ ಸೊಂಟ ಎತ್ತದೆ.

ಸೊಸೆ ಹೆಲ್ವಿ ರಾಶಿಯಿಂದ ತೆಗೆದ ನಾರಾ ಹಣ್ಣನ್ನು ಹಿಡಿದುಕೊಂಡೇ ನಿಂತಳು. ಮಗುವಿನ ತಲೆಯಷ್ಟು ದಪ್ಪದ, ಮೈತುಂಬ ಮುಳ್ಳಿನ ಹಸಿರು ಹಣ್ಣು. ಅವಳು ಅದನ್ನು ಮೂಗಿನ ಹತ್ತಿರ ಒಯ್ದದ್ದು ಫೀನಾಳ ಕಣ್ಣಿಗೆ ಬಿದ್ದಿತ್ತು.

"ಇದು ಇನ್ನೊಂದೆರಡು ದಿನ ಮರಳಲ್ಲೇ ಇರ್ಲಿ ಅನ್ನಿಸ್ತೈತೆ ಅತ್ತೆ."

"ನಿಂಗೆ ಅನ್ನಿಸ್ತೈತಾ? ನಿಮ್ಮೂರಲ್ಲಿ ನಾರಾ ಬೆಳೀತೈತಾ?"

"ಇಲ್ಲ."

"ಮತ್ತೆ? ಹೋದ ವರ್ಷಾನೂ ಇದೇ ಆಟ. ನಾನೊಂದು ಕಡೆ ರಾಶಿ ಹಾಕಿದ್ರೆ ನೀನು ಬೆಕ್ಕು ಮರಿ ಸಾಗಿಸ್ದಂಗೆ ಒಂದೊಂದೇ ಎತ್ಕೊಂಡು ಹೋಗಿ ಇನ್ನೊಂದು ಕಡೆ ಹೂತಾಕ್ತಿದ್ದೆ. ಈ ಸಲ ನನ್ನ ರಾಶಿ ಮುಟ್ಟಬೇಡ. ಹೋಗು, ಸೌದೆ ತಗೊಂಬಾ."

ಹೆಲ್ವಿ ಹಣ್ಣನ್ನು ರಾಶಿಯ ಮೇಲಿಟ್ಟು ಬತ್ತಿದ ನದಿಯ ಕಡೆ ನಡೆದಳು. ಅವಳದು ಉತ್ತರದ ಓವಾಂಬೊ ಸೀಮೆ. ನಾಲ್ಕು ವರ್ಷದ ಹಿಂದೆ ಫೀನಾಳ ಮಗ ಎಲಿಫಾಸ್ ಮೀನಿನ ಹಡಗಿನ ಕೆಲಸ ಸಿಕ್ಕಿದ ಹೊಸತರಲ್ಲಿ ಅವಳನ್ನು ಕಟ್ಟಿಕೊಂಡು ಬಂದಿದ್ದ. ಆಮೇಲೆ ಅವನು ನೀರಿನ ಮೇಲೆ, ಇವರಿಬ್ಬರು ಮರಳಿನ ಮೇಲೆ. ಜಗಳವಾಡಿದರೆ ಬಿಡಿಸಲು ಮೂರನೆಯವರು ಇಲ್ಲದ ಮನೆಯಲ್ಲಿ ಜಗಳ ಹೆಚ್ಚು ಬೆಳೆಯುವುದಿಲ್ಲ. ಅತ್ತೆ ಅನ್ನುತ್ತಿದ್ದಳು, ಸೊಸೆ ಸುಮ್ಮನಿರುತ್ತಿದ್ದಳು.

ಕುಯಿಸೆಬ್ ನದಿಯ ದಂಡೆಯ ಆ ಊರಿನಲ್ಲಿ ಇರುವುದು ಹನ್ನೊಂದು ಮನೆ. ಸುತ್ತ ಎತ್ತ ನೋಡಿದರೂ ಸರ್ಕಾರ ಕಾಯುವ ಕಾಡುಪ್ರಾಣಿಗಳ ಪಾರ್ಕು. ಮರಳದಿಬ್ಬ ಪಾರ್ಕಿನದು, ಜಿಂಕೆ ಪಾರ್ಕಿನದು, ಹೊಸದಾಗಿ ಒಂದು ಗೋಡೆ ಎಬ್ಬಿಸಬೇಕಾದರೂ ಪಾರ್ಕಿನವರ ಕಾಗದ ಬೇಕು. ಆದರೆ ನಾರಾ ಪೊದೆ ಮಾತ್ರ ಅಜ್ಜಂದಿರ ಕಾಲದಿಂದ ಊರಿನವರದು. ವರ್ಷಕ್ಕೊಮ್ಮೆ, ಜನವರಿಯ ಹೊತ್ತಿಗೆ, ಮೂರು ಮನೆಯವರು ಕತ್ತೆಗಾಡಿ ಕಟ್ಟಿಕೊಂಡು ದಿಬ್ಬಗಳ ನಡುವೆ ಬಂದು ಬಿಡಾರ ಹೂಡುತ್ತಾರೆ. ಹಣ್ಣನ್ನು ಕೋಲಿನಿಂದ ಬಡಿದು ಬೀಳಿಸುವುದು, ಬಿಸಿ ಮರಳಿನಲ್ಲಿ ಹೂತು ಬಲಿಸುವುದು, ತಿರುಳನ್ನು ಡ್ರಮ್ಮಿಗೆ ಹಾಕಿ ಬೇಯಿಸುವುದು, ಬೀಜ ಸೋಸಿ ಒಣಗಿಸುವುದು. ಯಾವಾಗ ಬಡಿಯಬೇಕು ಎನ್ನುವುದನ್ನು ಮಾತ್ರ ಒಬ್ಬರೇ ಹೇಳಬೇಕು. ಇಪ್ಪತ್ತೆರಡು ವರ್ಷದಿಂದ ಅದನ್ನು ಹೇಳುತ್ತಿದ್ದವಳು ಫೀನಾ. ತೊಟ್ಟಿನ ಹತ್ತಿರ ಒಮ್ಮೆ ಮೂಸಿದರೆ ಸಾಕು, ಹಣ್ಣಿನ ಒಳಗೆ ಕೂತು ಬಂದವಳ ಹಾಗೆ ಹೇಳುತ್ತಿದ್ದಳು.

ಎರಡು ಚಳಿಗಾಲದ ಹಿಂದೆ ಬಂದ ಜ್ವರ ಆ ಮೂಗನ್ನು ತೆಗೆದುಕೊಂಡು ಹೋಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಫೀನಾ ಯಾರಿಗೂ ಹೇಳಲಿಲ್ಲ. ಹೇಳಿದರೆ ತಾನು ಬರೀ ಒಬ್ಬಳು ಮುದುಕಿ. ಹೋದ ವರ್ಷ ನರಿಗಳನ್ನು ನಂಬಿಕೊಂಡಿದ್ದಳು. ಹಣ್ಣಾದ ಪೊದೆಗೇ ನರಿ ಬರುತ್ತದೆ, ಹೆಜ್ಜೆ ನೋಡಿದರೆ ಗೊತ್ತಾಗುತ್ತದೆ. ಈ ವರ್ಷ ಏನೋ ರೋಗ ತಗುಲಿ ನರಿಗಳೆಲ್ಲ ಸತ್ತವು. ಮರಳು ಒರೆಸಿಟ್ಟ ನೆಲದ ಹಾಗಿತ್ತು. ಅವಳು ಮೂರು ದಿನ ಪೊದೆಯಿಂದ ಪೊದೆಗೆ ಅಲೆದಳು, ಹಣ್ಣು ಒತ್ತಿದಳು, ಬಣ್ಣ ನೋಡಿದಳು, ಮೂಸಿದಂತೆ ಮಾಡಿದಳು. ಕೊನೆಗೆ ಮಂಡಿನೋವು ತಡೆಯಲಾರದೆ, "ಆಯ್ತು, ಬಡೀರಿ," ಎಂದುಬಿಟ್ಟಳು.

ಮೊದಲ ಡ್ರಮ್ಮು ಬೇಯುವುದು ಹಣ್ಣು ನೋಡಿದವಳ ಒಲೆಯಲ್ಲೇ. ಎಲ್ಲರಿಗೂ ಒಂದೊಂದು ಸೌಟು ಬಿಸಿ ತಿರುಳು ಬಡಿಸಿ, ಅವರು ತಿಂದ ಮೇಲೆ ಕೊನೆಗೆ ಅವಳು ತಿನ್ನಬೇಕು. ಮೊದಲ ಡ್ರಮ್ಮಿಗೆ ಯಾರೂ ಕೆಟ್ಟ ಮಾತು ಆಡುವಂತಿಲ್ಲ.

ಮಧ್ಯಾಹ್ನ ಬಿಸಿಲಿಳಿದ ಮೇಲೆ ಎಲ್ಲರೂ ಬಂದು ಒಲೆಯ ಸುತ್ತ ಕೂತರು. ಮೊದಲು ಬಟ್ಟಲು ಚಾಚಿದವನು ಗಾಟ್ಲೀಬ್, ಫೀನಾಳ ಸತ್ತ ಗಂಡನ ತಮ್ಮ. ತಿಂದ. ಅವನ ಕುತ್ತಿಗೆಯ ಗಂಟು ಒಮ್ಮೆ ಮೇಲೆ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಕೆಳಗೆ ಬಂತು.

"ಹೆಂಗೈತಪ್ಪ?"

"ಐತಲ್ಲ ಅತ್ತಿಗೆ," ಎಂದ. "ಬಿಸಿ ಐತೆ."

ಆಮೇಲೆ ಯುಸ್ಟೀನಾ. ಮೂರನೆಯ ಬಿಡಾರದವಳು, ನಾಲಿಗೆ ಹರಿತ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಫೀನಾಳ ಅಡುಗೆಗೆ ಉಪ್ಪಿನಷ್ಟು ಹೊಗಳಿಕೆ ಹಾಕಿದವಳಲ್ಲ. ಅವಳು ಸೌಟಿನಷ್ಟನ್ನೂ ನುಂಗಿ, ಕಣ್ಣಂಚು ಒರೆಸಿಕೊಂಡು, "ಬಾಳ ಚೆನ್ನಾಗೈತೆ ಅಕ್ಕಾ," ಎಂದಳು.

ಫೀನಾ ಡ್ರಮ್ಮಿನೊಳಗೆ ಬಗ್ಗಿ ನೋಡಿದಳು.

ಹೆಲ್ವಿ ತನ್ನ ಪಾಲನ್ನು ತಲೆ ಬಗ್ಗಿಸಿಕೊಂಡು ತಿಂದು ಮುಗಿಸಿದಳು. ಕೊನೆಗೆ ಫೀನಾ ಒಂದು ಸೌಟು ಬಾಯಿಗಿಟ್ಟಳು. ಮೂಗು ಹೋದರೂ ನಾಲಿಗೆ ಇತ್ತಲ್ಲ. ಹಾಳು ಕಹಿ. ಗಂಟಲಿನವರೆಗೂ ಉರಿದುಕೊಂಡು ಹೋಯಿತು. ಎಳೆಕಾಯಿಯ ಆ ಕಹಿಯನ್ನು ಅವಳು ಹುಡುಗಿಯಾಗಿದ್ದಾಗ ಒಮ್ಮೆ ಕಂಡಿದ್ದಳು, ಅಜ್ಜಿಯ ಕೈಲಿ ಹೊಡೆತವನ್ನೂ ತಿಂದಿದ್ದಳು. ಈಗ ಹೊಡೆಯುವವರು ಯಾರೂ ಇರಲಿಲ್ಲ. ಎಲ್ಲರೂ ಖಾಲಿ ಬಟ್ಟಲು ಹಿಡಿದು ಮರ್ಯಾದೆಯಿಂದ ಅವಳನ್ನೇ ನೋಡುತ್ತಿದ್ದರು.

ಉಗಿದುಬಿಡಬಹುದಿತ್ತು. ಅವಳು ನುಂಗಿದಳು.

"ಸರಿ," ಎಂದಳು. "ಬೆಳಗಾದ್ರೆ ನಿಮ್ಮ ನಿಮ್ಮ ಡ್ರಮ್ಮು ಇಡಿ."

ಅವರೆಲ್ಲ ಎದ್ದು ಹೋದ ಮೇಲೆ ಹೆಲ್ವಿ ಬಟ್ಟಲುಗಳನ್ನು ಮರಳಿನಿಂದ ಉಜ್ಜುತ್ತ ಕೂತಳು. ಫೀನಾ ಒಲೆಯ ಸೌದೆ ಹಿಂದಕ್ಕೆಳೆದಳು. ಹೊತ್ತು ಇನ್ನೂ ಮುಳುಗಿರಲಿಲ್ಲ.

"ನಿಂಗೆ ಗೊತ್ತಿತ್ತಾ?"

ಹೆಲ್ವಿ ಉಜ್ಜುವುದು ನಿಲ್ಲಿಸಲಿಲ್ಲ. "ಏನು ಅತ್ತೆ?"

"ನನ್ನ ಮೂಗು."

"ಹ್ಞೂಂ."

"ಯಾವಾಗಿಂದ?"

"ಅವತ್ತು ಹಿಟ್ಟಿನ ಡಬ್ಬಿ ಮೇಲೆ ಸೀಮೆಎಣ್ಣೆ ಚೆಲ್ಲಿತ್ತಲ್ಲ. ನೀವು ಅದ್ರಲ್ಲೇ ಗಂಜಿ ಕಾಯ್ಸಿದ್ರಿ. ಗಮಗಮ ಅಂತೈತೆ, ಉಣ್ಣು, ಅಂದ್ರಿ."

"ನೀನು ಉಂಡ್ಯಾ?"

"ಒಂದು ಬಟ್ಟಲು."

ಫೀನಾಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತುಹೋಯಿತು. "ಹೋದ ವರ್ಷ ನೀನು ಹೂತಾಕ್ತಿದ್ದಿದ್ದು ಕಾಯಿಗಳ್ನಾ?"

"ಕಾಯಿ ಮಾತ್ರ."

ಹಾಗಾದರೆ ಹೋದ ವರ್ಷ ಮರ್ಯಾದೆ ಉಳಿಸಿದ್ದು ನರಿಗಳೂ ಅಲ್ಲ. ಮುಂದಿನ ಸುಗ್ಗಿಯವರೆಗೂ ಊರೆಲ್ಲ ಹೊಗಳಿದ ಆ ಡ್ರಮ್ಮು ಈ ಹುಡುಗಿ ಬೈಸಿಕೊಂಡು ಆರಿಸಿದ್ದು. ಫೀನಾಳಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಯೋಚಿಸುವಷ್ಟೂ ತ್ರಾಣವಿರಲಿಲ್ಲ. ನಾಚಿಕೆಯಾಯಿತು, ಸುಸ್ತಾಯಿತು, ಮೈ ಮಡಚಿಕೊಂಡು ಅಲ್ಲೇ ಉರುಳಿದಳು.

ಬೆಳಿಗ್ಗೆ ಕಡಲ ಕಡೆಯ ಮಂಜು ದಿಬ್ಬಗಳ ನಡುವೆ ತುಂಬಿಕೊಂಡಿತ್ತು. ಅದು ಕರಗಿ ಬಿಸಿಲೇರಿದರೂ ಯಾವ ಒಲೆಯಿಂದಲೂ ಹೊಗೆ ಏಳಲಿಲ್ಲ. ಫೀನಾ ಕೋಲೂರಿಕೊಂಡು ಹೋಗಿ ನೋಡಿದಳು.

ಗಾಟ್ಲೀಬ್ ಗಾಡಿಯ ಕೆಳಗೆ ಅಂಗಾತ ಮಲಗಿ ಗಾಲಿಗೆ ಏನೋ ಬಡಿಯುತ್ತಿದ್ದ.

"ಡ್ರಮ್ಮು ಇಡ್ಲಿಲ್ವಾ?"

"ಇಡ್ತಿದ್ದೆ ಅತ್ತಿಗೆ. ಸೌದೆ ನೋಡಿದ್ರೆ ಹಸಿ."

"ಸೌದೇನಾ? ಏಳು ವರ್ಷ ಆಯ್ತು ಇಲ್ಲಿ ಮಳೆ ಬಿದ್ದು."

"ಮಂಜು ಬಿತ್ತಲ್ಲ ಈಗ," ಎಂದ ಗಾಟ್ಲೀಬ್, ಗಾಲಿಯ ಕೆಳಗಿನಿಂದಲೇ.

ಯುಸ್ಟೀನಾ ತನ್ನ ಡ್ರಮ್ಮನ್ನು ಬೋರಲು ಹಾಕಿ ಅದರ ಮೇಲೇ ಕೂತಿದ್ದಳು. "ತೂತಾಗೈತೆ ಅಕ್ಕಾ. ಮೆತ್ತಿ ಒಣಗಿಸ್ಬೇಕು. ಇವತ್ತಂತೂ ಆಗೋದಿಲ್ಲ."

"ಎಲ್ಲಿ, ಏಳು, ತೂತು ತೋರ್ಸು."

"ಸೊಂಟ ಹಿಡ್ಕೊಂಡೈತೆ, ಏಳಕ್ಕಾಗಲ್ಲ."

ಫೀನಾ ಅಲ್ಲೇ ನಿಂತಳು. ಎರಡು ಬಿಡಾರದ ಮುಂದೆಯೂ ರಾಶಿ ರಾಶಿ ಕಾಯಿ. ತನ್ನ ಮಾತಿನ ಮೇಲೆ ಬಡಿದದ್ದು. ಬಡಿಯಿರಿ ಎಂದವಳೇ ಬೇಡ ಎನ್ನಬೇಕು, ಇನ್ನೊಬ್ಬರು ಅನ್ನುವಂತಿಲ್ಲ. ಅದಕ್ಕೇ ಇವರು ಗಾಲಿಯ ಕೆಳಗೆ ಮಲಗಿದ್ದಾರೆ, ಡ್ರಮ್ಮಿನ ಮೇಲೆ ಕೂತಿದ್ದಾರೆ. ಒಂದು ದಿನ ಹೀಗೆ ತಳ್ಳಬಹುದು. ನಾಳೆ? ತಾನು ಬಾಯಿ ಬಿಡದಿದ್ದರೆ ಈ ದಡ್ಡರು ಅಷ್ಟೂ ಕಹಿಯನ್ನು ಬೇಯಿಸಿಯೇ ಬೇಯಿಸುತ್ತಾರೆ, ವರ್ಷವಿಡೀ ಕೂತು ತಿಂದು ಚೆನ್ನಾಗೈತೆ ಎನ್ನುತ್ತಾರೆ. ಅವಳಿಗೆ ಅಳು ಬಂತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗಾಟ್ಲೀಬ್, ಆಚೆ ಬಾರೋ."

ಅವನು ಮೈಯ ಮರಳು ಕೊಡವಿಕೊಂಡು ಬಂದ. ಯುಸ್ಟೀನಾ ಸೊಂಟ ಮರೆತು ಎದ್ದು ನಿಂತಳು. ದೂರದಲ್ಲಿ ನೀರಿನ ಕ್ಯಾನು ಹೊತ್ತು ಬರುತ್ತಿದ್ದ ಹೆಲ್ವಿಯನ್ನು ಫೀನಾ ಕೈಬೀಸಿ ಕರೆದಳು. ಅವಳು ಬಂದದ್ದೇ ಫೀನಾ ಗಾಟ್ಲೀಬನ ರಾಶಿಯಿಂದ ಒಂದು ಹಣ್ಣೆತ್ತಿ ಅವಳ ಕೈಗಿಟ್ಟಳು.

"ಮೂಸು."

"ಅತ್ತೆ..."

"ಮೂಸೇ."

ಹೆಲ್ವಿ ಕ್ಯಾನು ಕೆಳಗಿಟ್ಟು ತೊಟ್ಟಿನ ಹತ್ತಿರ ಮೂಸಿದಳು. ಸುತ್ತ ನಿಂತವರ ಮುಖ ನೋಡಿದಳು, ಆಮೇಲೆ ಅತ್ತೆಯ ಮುಖ.

"ಅತ್ತೆ ಆಗ್ಲೇ ಹೇಳಿದ್ರು," ಎಂದಳು ಮೆಲ್ಲಗೆ. "ಇನ್ನೂ ಮೂರು ದಿನ ಮರಳಲ್ಲಿರ್ಲಿ ಅಂತ. ನಾನೇ ನಿಮಗೆಲ್ಲ ಹೇಳಕ್ಕೆ ಮರೆತೆ."

ಗಾಟ್ಲೀಬ್ ದೊಡ್ಡದಾಗಿ ಉಸಿರು ಬಿಟ್ಟ. "ಅದಕ್ಕೇ ನೋಡು! ಅತ್ತಿಗೆ ಹೇಳಿದ್ಮೇಲೆ ಮುಗೀತು."

ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಚ್ಚಿಹೋಗುತ್ತಿತ್ತು. ಸೊಸೆ ಬಾಗಿಲು ತೆರೆದಿಟ್ಟಿದ್ದಳು, ಫೀನಾ ತಲೆ ತಗ್ಗಿಸದೆ ಒಳಗೆ ಹೋಗಬಹುದಿತ್ತು. ಆದರೆ ಅವಳಿಗೆ ಮೂಸಿದಂತೆ ಮಾಡಿ ಮಾಡಿ ಸಾಕಾಗಿತ್ತು.

"ನಾನು ಹೇಳಿಲ್ಲ," ಎಂದಳು. "ಇವಳು ಹೇಳಿದ್ದು. ನಂಗೆ ವಾಸನೆ ಗೊತ್ತಾಗಲ್ಲ. ಎರಡು ವರ್ಷ ಆಯ್ತು. ಹೋದ ವರ್ಷಾನೂ ಇವಳೇ ಆರಿಸಿದ್ದು. ನಾನು ಬೈದಿದ್ದು, ಇವಳು ಆರಿಸಿದ್ದು. ಇನ್ಮೇಲೆ ಇವಳನ್ನ ಕೇಳಿ."

ಗಾಟ್ಲೀಬ್ ಟೋಪಿ ತೆಗೆದು, ಅದರೊಳಗೆ ಏನೋ ಬಿದ್ದಿದೆಯೇನೋ ಎಂಬಂತೆ ನೋಡಿ, ಮತ್ತೆ ಹಾಕಿಕೊಂಡ. ಮೊದಲು ಬಾಯಿ ಬಿಟ್ಟವಳು ಯುಸ್ಟೀನಾ.

"ಥೂ, ನಿನ್ನ ಡ್ರಮ್ಮು ಹಾಳಾಗ! ರಾತ್ರಿಯಿಂದ ನಾಲಿಗೆ ಬೊಬ್ಬೆ ಬಂದು ಒಂದು ಗುಟುಕು ಟೀ ಇಳೀಲಿಲ್ಲ ನಂಗೆ."

"ಚೆನ್ನಾಗೈತೆ ಅಂದ್ಯಲ್ಲೇ!"

"ಏನು ಅನ್ಬೇಕಿತ್ತು? ಸಾಯ್ತೀನಿ ಅಂತ ಬಾಯ್ಬಿಟ್ಟು ಹೇಳೋದಾ?"

ಆ ಬೈಗುಳ ಫೀನಾಳ ಬೆನ್ನು ಸವರಿದ ಹಾಗಿತ್ತು. ಎಲ್ಲರೂ ಕೆಲಸಕ್ಕೆ ಕೈ ಹಾಕಿದರು. ಗಾಟ್ಲೀಬ್ ಮರಳು ತೋಡಿದ, ಯುಸ್ಟೀನಾ ಸಾಗಿಸಿದಳು. ಹೆಲ್ವಿ ರಾಶಿಯ ಮುಂದೆ ಮಂಡಿಯೂರಿ ಒಂದೊಂದನ್ನೇ ಮೂಸಿ, ಕಾಯಿ, ಕಾಯಿ, ಕಾಯಿ, ಎನ್ನುತ್ತ ಒಂದೇ ಕಡೆ ಹಾಕುತ್ತಿದ್ದಳು. ಮೊದಮೊದಲು ಪ್ರತಿಯೊಂದಕ್ಕೂ ಅತ್ತೆಯ ಕಡೆ ತಿರುಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಿರುಗುವುದನ್ನು ಬಿಟ್ಟಳು. ಬಿಟ್ಟದ್ದನ್ನು ಫೀನಾ ಗಮನಿಸಿದಳು. ಮಾಡಲು ಏನೂ ಇಲ್ಲದ ತನ್ನ ಎರಡು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಎರಡನೆಯ ರಾಶಿಯ ತಳದಲ್ಲಿ ಹೆಲ್ವಿಯ ಕೈ ನಿಂತಿತು.

"ಇದು ಹಣ್ಣು."

"ಕೊಡಿಲ್ಲಿ." ಫೀನಾ ಅದನ್ನು ಮೂಗಿಗೆ ಒತ್ತಿ ಹಿಡಿದಳು. ಏನೂ ಇಲ್ಲ. ಮುಳ್ಳು ಮಾತ್ರ ಚುಚ್ಚಿತು. "ಹೆಂಗೈತೆ ವಾಸನೆ? ಹೇಳು."

"ವಾಸನೆ ಹೆಂಗೆ ಹೇಳೋದು ಅತ್ತೆ?"

"ಸುಮ್ನೆ ಹೇಳು. ನಂಗೆ ಮರೆತೋಗ್ತೈತೆ."

ಹೆಲ್ವಿ ಹಣ್ಣನ್ನು ವಾಪಸು ತೆಗೆದುಕೊಂಡು, ಕಣ್ಣು ಮುಚ್ಚಿ, ಇನ್ನೊಮ್ಮೆ ಮೂಸಿದಳು.

"ನಾನು ಮದುವೆಯಾಗಿ ಬಂದ ದಿನ ನೀವು ಡ್ರಮ್ಮಿನ ಹತ್ರ ಇದ್ರಿ. ಎದ್ದು ಬಂದು ಕೈಯೂ ತೊಳೀದೆ ನನ್ನ ಕೆನ್ನೆ ಹಿಡ್ಕೊಂಡ್ರಿ," ಎಂದಳು. "ಆ ಕೈದು ಹೆಂಗಿತ್ತೋ, ಹಂಗೆ."

ಅವಳು ಆ ಹಣ್ಣನ್ನು ಬೇರೆಯಾಗಿಟ್ಟು ಮುಂದಿನದನ್ನು ಎತ್ತಿಕೊಂಡಳು. ಫೀನಾ ಬಲಗೈಯನ್ನು ಮೂಗಿನ ಹತ್ತಿರ ಒಯ್ದಳು. ಮುಂದಿನ ರಾಶಿ ಅರ್ಧಕ್ಕಿಳಿದು, ಗಾಟ್ಲೀಬ್ ಮರಳು ಎಳೆದು ಮೊದಲ ಗುಂಡಿಯನ್ನು ಮುಚ್ಚಿದರೂ ಅವಳು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.