ಮಲಂಗಸಾಬನ ಬೆರಳು

"ಈಗ?" ಎಂದ ಮಲಂಗಸಾಬ, ಬಿಚ್ಚಿಟ್ಟ ಟೇಪ್ ರೆಕಾರ್ಡರಿನ ಸ್ಪೀಕರ್ ಕಾಗದದ ಮೇಲಿಟ್ಟ ಬೆರಳು ತೆಗೆಯದೆ.

"ಈಗೂ ಅದ್ರಿ ಕಾಕಾ. ದುಂಬಿ ಒಳಗ ಹೊಕ್ಕಂಗ ಗುಂಯ್ ಅನ್ನಾಕತ್ತದ," ಎಂದಳು ಶಿವಕಾಂತಾ ಅಡುಗೆಮನೆಯ ಬಾಗಿಲಿನಿಂದ.

ಬೆರಳಿಗೂ ಅದು ತಿಳಿದಿತ್ತು, ಸಣ್ಣ ನಡುಕವಾಗಿ. ಅಫಜಲಪುರದ ಬಜಾರದಲ್ಲಿ ಮೂವತ್ತು ವರ್ಷದಿಂದ ರೇಡಿಯೋ ರಿಪೇರಿ ಮಾಡುತ್ತ ಬಂದವನ ಕಿವಿಗೆ ಎರಡು ವರ್ಷದಿಂದ ಸಣ್ಣ ಸದ್ದು ಬೀಳುತ್ತಿರಲಿಲ್ಲ. ಮಾತು ಕೇಳುತ್ತಿತ್ತು, ಹಾಡು ಕೇಳುತ್ತಿತ್ತು; ಹಾಡಿನ ಹಿಂದೆ ಕೂತ ಗುಂಯ್ ಮಾತ್ರ ಇಲ್ಲ. ಅಂಗಡಿಯಲ್ಲಾದರೆ ಪರದೆಯ ಹಿಂದಿನಿಂದ ಹೆಂಡತಿ ಖಾಸೀಂಬಿ ಆಲಿಸಿ, ಸದ್ದು ಉಳಿದಿದ್ದರೆ ಕೆಮ್ಮುತ್ತಿದ್ದಳು. ಕಿವಿ ಹೋದ ಮೇಸ್ತ್ರಿಯ ಕೈಗೆ ರೇಡಿಯೋ ಯಾರು ಕೊಡುತ್ತಾರೆ? ಹಾಗಾಗಿ ವಿಷಯ ಅವರಿಬ್ಬರಲ್ಲೇ ಇತ್ತು. ಆದರೆ ಕರಜಗಿಯ ಈ ಮನೆಗೆ ಅವಳನ್ನು ಕರೆತರುವಂತಿರಲಿಲ್ಲ.

ಟೇಪು ನೋಡಲು ಇಲ್ಲಿಗೆ ಬಂದದ್ದು ಇದು ಮೂರನೆಯ ಸಲ. ಮೊದಲು ಕಂಡೆನ್ಸರ್ ಬದಲಿಸಿದ್ದ, ಆಮೇಲೆ ವೈರು. ಕಬ್ಬಿನ ಹೊಲದ ಮೋಟರುಗಳೂ ಈ ಮನೆಯೂ ಒಂದೇ ಲೈನಿನ ಮೇಲಿದ್ದವು. ಮೋಟರುಗಳ ಗದ್ದಲವೆಲ್ಲ ಕರೆಂಟಿನ ಜೊತೆ ಟೇಪಿನೊಳಕ್ಕೆ ಬರುತ್ತಿತ್ತು.

ಮಂಚದ ಮೇಲೆ ಕೂತಿದ್ದ ಶಿವಕಾಂತಾಳ ಗಂಡ ಬಸವಂತರಾಯ ಹೇಳಿದ: "ಇವತ್ತೂ ಆಗ್ಲಿಲ್ಲಂದ್ರ ಗುಲಬರ್ಗಾಕ್ಕ ಒಯ್ತೇನಿ ನೋಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ಮಲಂಗಸಾಬ ಚೀಲದಿಂದ ಕಬ್ಬಿಣದ ಡಬ್ಬಿ ಎತ್ತಿ ತನ್ನ ಮೊಣಕಾಲ ಪಕ್ಕದಲ್ಲಿಟ್ಟ. ಒಳಗಿದ್ದದ್ದು ಹನ್ನೆರಡು ದಿನ ಕೂತು ಕೈಯಲ್ಲೇ ಸುತ್ತಿದ ಟ್ರಾನ್ಸ್‌ಫಾರ್ಮರ್. ಎರಡೂ ಕಡೆಯ ಸುತ್ತುಗಳ ಎಣಿಕೆ ತಪ್ಪಬಾರದೆಂದು ಎರಡು ತಂತಿ ಜೋಡಿಯಾಗಿ ಹಿಡಿದೇ ಸುತ್ತಿದ್ದ.

"ಏನ್ರಿ ಇದು?" ಎಂದ ಬಸವಂತರಾಯ.

"ಇನ್ನೂರಾ ಮೂವತ್ತು ವೋಲ್ಟು ಇದ್ರಾಗ ಹೊಕ್ಕು, ಆ ಕಡಿ ನೂರಾ ಹದಿನೈದು, ಈ ಕಡಿ ನೂರಾ ಹದಿನೈದು ಆಗಿ ಹೊರಗ ಬರ್ತದ್ರಿ. ನಡುವಿನ ತಂತಿ ಭೂಮಿಗೆ. ಎರಡೂ ಕಡಿ ಗದ್ದಲ ಒಂದಕ್ಕೊಂದು ಬಡದು ಸಾಯ್ತದ."

"ಅಣ್ತಮ್ರು ಹೊಲ ಪಾಲು ಮಾಡ್ಕೊಂಡಂಗ. ಹಂಗಾದ್ರ ಗದ್ದಲ ಹೆಚ್ಚಾಗೂದು ಖರೆ."

"ಇಲ್ಲಿ ಪಾಲು ಸಮ ಅದಾವ್ರಿ," ಎಂದ ಮಲಂಗಸಾಬ.

ಅಂಗಳದಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಶಿವಕಾಂತಾ ಎರಡು ಕೊಡ ನೀರು ಹೊಯ್ದಳು. ಮಲಂಗಸಾಬ ನಡುವಿನ ತಂತಿಯನ್ನು ಅಲ್ಲಿ ಬಿಗಿದು ಬಂದು, ಟೇಪನ್ನು ಡಬ್ಬಿಗೆ ಜೋಡಿಸಿ ಸ್ವಿಚ್ ಒತ್ತಿ, ಸ್ಪೀಕರಿನ ಮೇಲೆ ಬೆರಳಿಟ್ಟ. ನಡುಕ ಸತ್ತಿತ್ತು. ಇನ್ನೊಂದು ಸ್ಪೀಕರನ್ನೂ ಮುಟ್ಟಿದ. ಅಲ್ಲಿಯೂ ಇಲ್ಲ. ಇಷ್ಟು ದಿನದ ಬೆನ್ನುನೋವು ಒಮ್ಮೆಲೇ ಇಳಿದಂತಾಯಿತು.

"ಹೋತು," ಎಂದ.

"ಎಲ್ಲಿ ಹೋತ್ರಿ ಕಾಕಾ? ಮೊದಲಿಗಿಂತ ಜಾಸ್ತಿ ಆಗ್ಯದ."

"ಇಲ್ಲವ್ವಾ. ಸ್ಪೀಕರ್ ಸುಮ್ಮನ ಅದ."

ಬಸವಂತರಾಯ ಅವನ ಮುಖವನ್ನೇ ನೋಡುತ್ತಿದ್ದ. "ಸ್ಪೀಕರ್ ಸುಮ್ಮನ ಅದ್ರಿ," ಎಂದ ನಿಧಾನವಾಗಿ. "ಸದ್ದು ನಿಮ್ಮ ಮೊಣಕಾಲ ಹತ್ರ ಬರಾಕತ್ತದ. ನಿಮ್ಮ ಡಬ್ಬಿದು."

ಮಲಂಗಸಾಬ ತಗ್ಗಿ ಡಬ್ಬಿಯ ಮೇಲೆ ಅಂಗೈ ಇಟ್ಟ. ಅದು ಜ್ವರ ಬಂದವರಂತೆ ನಡುಗುತ್ತಿತ್ತು. ಬಸ್ಸಿನ ಕುಲುಕಾಟಕ್ಕೆ ಒಳಗಿನ ತಗಡುಗಳ ನಟ್ಟು ಸಡಿಲಾಗಿತ್ತು, ಅಷ್ಟೇ. ಕಿವಿ ಇದ್ದವನಿಗೆ ಅದು ಕೂತಲ್ಲೇ ತಿಳಿಯುತ್ತಿತ್ತು.

ಕರೆಂಟು ತೆಗೆದು, ಡಬ್ಬಿ ಬಿಚ್ಚಿ, ಪಾನಾ ಹಿಡಿದು ನಾಲ್ಕೂ ನಟ್ಟು ಬಿಗಿದ. ಸಂದಿಗೆ ಬಿದಿರಿನ ಸಿಬಿರು ತುರುಕಿದ. ಕೈ ಒಂದು ಸಲವೂ ತಪ್ಪಲಿಲ್ಲ. ಮತ್ತೆ ಸ್ವಿಚ್ ಒತ್ತಿದಾಗ ಶಿವಕಾಂತಾ ಕಣ್ಣು ಮುಚ್ಚಿ ಆಲಿಸಿದಳು.

"ಈಗ ಏನೂ ಇಲ್ರಿ," ಎಂದಳು.

ಬಸವಂತರಾಯ ಭಜನೆಯ ಕ್ಯಾಸೆಟ್ಟು ಹಾಕಿದ. ತಾಳದ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಮನೆ ತೊಳೆದಿಟ್ಟಂತೆ ಸ್ವಚ್ಛವಿತ್ತು. "ಛಲೋ ಕೆಲಸ ಮಾಡೀರಿ," ಎಂದ ಗೋಡೆ ನೋಡುತ್ತ. ಗುಲಬರ್ಗಾದ ಮಾತು ಎತ್ತಲಿಲ್ಲ.

ಮುಂಜಾನೆಯಿಂದ ಬಾಗಿಲಲ್ಲೇ ನಿಂತು ಮಾತಾಡಿದ್ದ ಶಿವಕಾಂತಾ ಈಗ ಚಹಾ ಹಿಡಿದು ಹತ್ತಿರ ಬಂದಳು. ಅವನ ಮುಖದೆದುರು ಬಾಗಿ, ಒಂದೊಂದೇ ಶಬ್ದ ಬಿಡಿಸಿ, ಗಟ್ಟಿಯಾಗಿ ಹೇಳಿದಳು: "ಕಾಕಾ, ಚಾ ತಗೋರಿ. ಬಿಸಿ ಅದ."

ಅಂಗಳದಲ್ಲಿ ಕಟ್ಟಿದ ಆಕಳು ಕಿವಿ ನಿಮಿರಿಸಿ ಒಳಗೆ ನೋಡಿತು.

"ಹೂಂ ಅವ್ವಾ," ಎಂದ ಮಲಂಗಸಾಬ ಮೆಲ್ಲಗೆ, ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತ.